ವಿರಬೂಮಿ ಎಂಬ ಕಳ್ಳ

ವೆನಿಂಗ್ ಕಳ್ಳರಿಗೆ ಹೆದರುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓಣಿಯಲ್ಲಿ ಈಗ ಅವಳ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತಾಡುತ್ತಾರೆ. ಹೆದರುಪುಕ್ಕಲಿ ಅನ್ನುವವರಿದ್ದಾರೆ, ತಲೆ ಕೆಟ್ಟಿದೆ ಅನ್ನುವವರೂ ಇದ್ದಾರೆ. ಅವರ ಬಾಯಿಗೆ ಮಣ್ಣು ಬೀಳಲಿ. ಒಮ್ಮೆ ನನ್ನ ಅಂಗಡಿಯ ಗ್ಯಾಸ್ ಸಿಲಿಂಡರು ಹೊತ್ತು ಓಡುತ್ತಿದ್ದ ದಾಂಡಿಗನನ್ನು ಇವಳೊಬ್ಬಳೇ, ಕೈಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ಹಿಡಿದು, ಮಸೀದಿಯ ತಿರುವಿನವರೆಗೆ ಅಟ್ಟಿಸಿಕೊಂಡು ಹೋಗಿ ಕೆಡವಿದ್ದಳು. ಆಗ ಈ ಮಾತಾಡುವ ಗಂಡಸರೆಲ್ಲ ಕಿಟಕಿಯ ಪರದೆ ಸರಿಸಿ ನೋಡುತ್ತ ನಿಂತಿದ್ದರು.

ನನ್ನ ಹೆಸರು ಪಾರ್ತಿನಾ. ಸಲಾತಿಗಾ ಊರಿನಲ್ಲಿ, ಮೆರ್ಬಾಬು ಬೆಟ್ಟಕ್ಕೆ ಹೋಗುವ ದಾರಿಯ ಪಕ್ಕದ ಓಣಿಯಲ್ಲಿ, ಅನ್ನ ಮತ್ತು ಹುಳಿಬಂದ ಟೆಂಪೆಯ, ಅಂದರೆ ಸೋಯಾಕಾಳನ್ನು ಹುದುಗು ಬರಿಸಿ ಮಾಡಿದ ಗಟ್ಟಿಯ, ಗೊಜ್ಜು ಮಾರುತ್ತೇನೆ. ವೆನಿಂಗ್‌ಳ ಮನೆಗೂ ನನ್ನ ಅಂಗಡಿಗೂ ಒಂದೇ ಗೋಡೆ. ಅವಳ ಹೊಲಿಗೆ ಮೆಷಿನ್ನು ನಿಂತರೆ ನನಗೆ ಗೊತ್ತಾಗುತ್ತದೆ, ನನ್ನ ಒಗ್ಗರಣೆ ಸೀದರೆ ಅವಳಿಗೆ ಗೊತ್ತಾಗುತ್ತದೆ. ಅವಳು ಹೆಂಗಸರ ನಮಾಜಿನ ಬಿಳಿ ನಿಲುವಂಗಿಗೆ ಅಂಚು ಹೊಲಿಯುತ್ತಾಳೆ. ಮನೆಯಲ್ಲಿ ಅತ್ತೆ ಸಮಿಂತೆನ್ ಅಜ್ಜಿ ಮತ್ತು ಮಗಳು ಮಹಾರಾನಿ. ಅಷ್ಟುದ್ದ ಹೆಸರು ಯಾರು ಕರೆಯುತ್ತಾರೆ? ಎಲ್ಲರ ಬಾಯಲ್ಲೂ ಅದು ರಾನಿ.

ಗಂಡ ವಲುಯೊ. ಬಾಯಿಬಡುಕ, ತರಲೆ, ಕೈ ಸುಮ್ಮನಿರದ ಮನುಷ್ಯ. ನಮ್ಮ ಕಡೆ ಓಣಿಗೊಂದು ಮನೆಯವರು ಇಂಟರ್‌ನೆಟ್ ಹಾಕಿಸಿಕೊಂಡು ಉಳಿದ ಮನೆಗಳಿಗೆ ತಂತಿ ಎಳೆದುಕೊಡುತ್ತಾರಲ್ಲ, ನಮ್ಮ ಓಣಿಗೆ ಅದು ವಲುಯೊನ ಮನೆ. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಯಾವುದೋ ಆಫೀಸಿನವರು ಎಸೆದ ಹಳೇ ಕಂಪ್ಯೂಟರನ್ನು ತಂದು, ಹೊಲಿಗೆ ಮೆಷಿನ್ನಿನ ಪಕ್ಕ ಕೂರಿಸಿ, ಅದೇ ನಮ್ಮ ಓಣಿಯ ಸರ್ವರ್ ಅಂದ. ಎಲ್ಲರ ಮದುವೆ ವಿಡಿಯೋ, ಮಕ್ಕಳ ಪಾಠ, ಓಣಿಯ ಕ್ಯಾಮೆರಾದ ಚಿತ್ರ, ಎಲ್ಲವೂ ಅದರೊಳಗೆ. ಎಲ್ಲಿ ಕೂತರೂ ಫೋನಿನಲ್ಲಿ ಒಂದು ಪುಟ ತೆರೆದು, ಹೆಸರು ಮತ್ತು ಪಾಸ್‌ವರ್ಡ್ ಹಾಕಿದರೆ ಒಳಗಿರುವುದೆಲ್ಲ ಕಾಣುತ್ತದೆ.

ಅವನ ಹೆಮ್ಮೆಯೆಲ್ಲ ಅದರ ಕಾವಲಿನ ಮೇಲೆ. ಯಾರಾದರೂ ತಪ್ಪು ಪಾಸ್‌ವರ್ಡ್ ಹಾಕಿದರೆ ಕೂಡಲೇ ವೆನಿಂಗ್‌ಳ ಫೋನು ಟಿಂಗ್ ಅನ್ನುತ್ತದೆ: ಇಂಥ ಹೆಸರು ಹಾಕಿದರು, ಇಂಥ ಕಡೆಯಿಂದ ಹಾಕಿದರು ಅಂತ. ಮೂರು ಸಲ ತಪ್ಪಿದರೆ ಆ ಕಡೆಯಿಂದ ಬರುವವರಿಗೆ ಒಂದು ದಿನ ಪುಟವೇ ತೆರೆಯುವುದಿಲ್ಲ. ಅದನ್ನು ಪರೀಕ್ಷೆ ಮಾಡುತ್ತೇನೆ ಅಂತ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಹೆಸರು ಹಾಕುವ ಜಾಗದಲ್ಲಿ ‘ಪಾರ್ತಿನಾ ಗೊಜ್ಜಿಗೆ ಉಪ್ಪಿಲ್ಲ’ ಅಂತ ಬರೆದು ಒತ್ತಿದ. ಗೋಡೆಯಾಚೆ ವೆನಿಂಗ್ ಬಿದ್ದು ಬಿದ್ದು ನಕ್ಕಳು. ನಾನು ಸೌಟು ಎತ್ತಿಕೊಂಡು ಹೋದೆ.

ಆಮೇಲೆ ಅವನು ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿತು. ಒಬ್ಬ ಏಜೆಂಟು ಬಂದು, ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಊಟ ವಸತಿ ಅವರದೇ ಅಂದ. ವಲುಯೊ ಹೋದ. ಮೊದಲು ದಿನಾ ಫೋನು ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ‘ಬಿಡುವಿಲ್ಲ, ಮಾಡ್ತೀನಿ’ ಅನ್ನುವ ಒಂದು ಸಾಲು. ಆಮೇಲೆ ಅದೂ ಇಲ್ಲ. ಈಗಿನ ಕಾಲದಲ್ಲಿ ಇದರ ಅರ್ಥ ಏನು ಅಂತ ಎಲ್ಲರಿಗೂ ಗೊತ್ತು. ಥಾಯ್ಲೆಂಡಿನ ಗಡಿಯಾಚೆ ಎತ್ತರದ ಬೇಲಿಯ ಕಟ್ಟಡಗಳಿವೆಯಂತೆ, ಒಳಗೆ ಹಾಕಿಕೊಂಡವರ ಫೋನು ಕಿತ್ತುಕೊಂಡು, ಹಗಲೂ ರಾತ್ರಿ ಕಂಪ್ಯೂಟರ್ ಮುಂದೆ ಕೂರಿಸಿ ಯಾರ್‍ಯಾರಿಗೋ ಟೋಪಿ ಹಾಕಿಸುತ್ತಾರಂತೆ, ಮಾಡದಿದ್ದರೆ ಹೊಡೆಯುತ್ತಾರಂತೆ. ವೆನಿಂಗ್ ಸರ್ಕಾರಿ ಕಚೇರಿಗೆ ಹೋಗಿ ದೂರು ಕೊಟ್ಟಳು. ಯಾವ ದೇಶದಲ್ಲಿದ್ದಾನೆ ಅಂತ ಕೇಳಿದರು. ಅದು ಗೊತ್ತಿದ್ದರೆ ಇವಳು ನಿಮ್ಮ ಹತ್ತಿರ ಯಾಕೆ ಬರುತ್ತಿದ್ದಳು, ಮಹಾನುಭಾವರೇ?

ಅವಳಿಗಿದ್ದದ್ದು ಒಂದೇ ಆಸೆ. ಎಲ್ಲಿಂದಾದರೂ, ಹೇಗಾದರೂ, ಅವನಿಂದ ಒಂದು ಸುದ್ದಿ ಬರಬೇಕು.

ಒಂದು ಸಂಜೆ ಅವಳು ಫೋನು ಹಿಡಿದುಕೊಂಡು ಅಂಗಡಿಗೆ ಬಂದಳು. "ಯಾರೋ ನಮ್ಮನೆ ಬಾಗಿಲು ತಟ್ತಾ ಇದಾರೆ ಕಣಕ್ಕ."

ನಾನು ಕತ್ತು ಚಾಚಿ ನೋಡಿದೆ. "ಯಾರೂ ಇಲ್ವಲ್ಲೇ. ನಿಮ್ಮತ್ತೆ ಒಬ್ರು ಕೂತಿದಾರೆ."

"ಆ ಬಾಗಿಲಲ್ಲ. ಇದು ನೋಡು."

ಫೋನಿನಲ್ಲಿ ಇದ್ದದ್ದು ಇಷ್ಟು. ತಪ್ಪು ಪಾಸ್‌ವರ್ಡ್. ಹೆಸರು, ವಿರಬೂಮಿ. ಸ್ಥಳ, ಹಾಲೆಂಡ್. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು.

"ಹಾಲೆಂಡಿನವ್ನಿಗೆ ನಮ್ಮ ಓಣೀಲಿ ಏನೇ ಕೆಲಸ? ಅಷ್ಟು ವರ್ಷ ನಮ್ಮನ್ನ ಆಳ್ಕೊಂಡು ಇಲ್ಲೇ ಕೂತು ತಿಂದದ್ದು ಸಾಲ್ದಂತಾ?" ಅಂದೆ.

ಅವಳು ನಗಲಿಲ್ಲ. "ದಿನಾ ಬರ್ತಾ ಇದೆ. ಮಧ್ಯಾಹ್ನದ ನಮಾಜು ಮುಗಿದ ಮೇಲೆ. ಮೂರೇ ಸಲ ಹಾಕ್ತಾನೆ, ಹೋಗ್ತಾನೆ. ಒಂದಿನ ಹಾಲೆಂಡು, ಒಂದಿನ ಸಿಂಗಾಪುರ. ಹೆಸರು ಮಾತ್ರ ಅದೇ. ಕಳ್ಳ ಅಂದ್ಮೇಲೆ ಬೇರೆ ಬೇರೆ ಬೀಗದಕೈ ಹಾಕಿ ನೋಡ್ಬೇಕಲ್ವಾ? ಇವ್ನು ಅದೇ ಹಾಕಿ ಅದೇ ಹಾಕಿ ಹೋಗ್ತಾನೆ."

"ಹುಚ್ಚ ಇರ್ಬೇಕು ಬಿಡು."

"ಅತ್ತೆಗೆ ಹೇಳ್ಬೇಡ ಕಣಕ್ಕ. ಕಳ್ಳ ಅಂತ ಕಿವಿಗೆ ಬಿದ್ರೆ ಊಟ ನಿದ್ದೆ ಎರಡೂ ಬಿಡ್ತಾರೆ. ಮೊದ್ಲೇ ಮಗನ ಕೊರಗು."

ನಾನು ಹೇಳಲಿಲ್ಲ. ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಅನ್ನುತ್ತಾರೆ, ಇದೊಂದು ನಿಂತಿತು ನೋಡಿ.

ವೆನಿಂಗ್ ಸುಮ್ಮನೆ ಕೂರಲಿಲ್ಲ. ಬೆಣ್ಣೆಯೊಳಗಿನ ಕೂದಲು ತೆಗೆಯುವ ಹಾಗೆ ಒಂದೊಂದನ್ನೇ ಬಿಡಿಸುತ್ತ ಹೋದಳು. ಮೊದಲು ಓಣಿಯವರದೇ ಯಾರದೋ ಚೇಷ್ಟೆ ಇರಬೇಕು ಅಂತ ಮನೆಮನೆಗೆ ಹೋಗಿ ಎಲ್ಲರ ಫೋನು ನೋಡಿದಳು. ಎಲ್ಲರ ಪಾಸ್‌ವರ್ಡ್ ಬದಲಾಯಿಸಿದಳು. ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳುವ ದಾಖಲೆಯನ್ನು ಹಿಂದಿನಿಂದ ಓದಿ, ಒಳಗೆ ಯಾರೂ ಬಂದಿಲ್ಲ, ಏನೂ ಹೋಗಿಲ್ಲ ಅಂತ ಖಾತ್ರಿ ಮಾಡಿಕೊಂಡಳು. ವಲುಯೊ ಇದ್ದಾಗ ಅವಳಿಗೆ ಅದರ ಗಂಧವೂ ಗೊತ್ತಿರಲಿಲ್ಲ. ಅವನು ಹೋದ ಮೇಲೆ ಯಾರ್‍ಯಾರದೋ ವಿಡಿಯೋ ನೋಡಿ, ಬಿದ್ದು ಎದ್ದು ಕಲಿತಿದ್ದು. ಗಂಡ ಕೈಯಲ್ಲಿ ಇಟ್ಟುಹೋದ ವಸ್ತು, ಕೆಡಬಾರದು ಅಂತ.

ಕಡೆಗೆ ಮಾರುಕಟ್ಟೆಯಲ್ಲಿ ಫೋನು ರಿಪೇರಿ ಅಂಗಡಿ ಇಟ್ಟಿರುವ ಯೂನುಸ್‌ನನ್ನು ಕರೆಸಿದಳು. ಒಳ್ಳೆಯವನೇ. ಕೇಳಿದ್ದಕ್ಕಿಂತ ನಾಲ್ಕು ಮಾತು ಜಾಸ್ತಿ ಹೇಳುತ್ತಾನೆ, ಅಷ್ಟೇ.

"ಮೆಷಿನ್ ಆಗಿದ್ರೆ ಕಣ್ಮುಚ್ಚಿ ಬಿಡೋದ್ರೊಳಗೆ ಸಾವಿರ ಹೆಸರು ಹಾಕ್ತಿತ್ತು ಅಕ್ಕ," ಅಂದ. "ಇದು ಮನುಷ್ಯ. ತಾಳ್ಮೆ ಇರೋ ಮನುಷ್ಯ. ಅಂಥೋರೇ ಡೇಂಜರ್."

"ಹಾಲೆಂಡಿನವ್ರು ನಮ್ಮ ಕಡೆ ರಾಜನ ಹೆಸರು ಯಾಕೆ ಹಾಕ್ತಾರೆ?" ಅಂತ ವೆನಿಂಗ್ ಕೇಳಿದಳು.

"ಹಾಲೆಂಡು ಬರೀ ಮುಖವಾಡ. ಎಲ್ಲಿ ಬೇಕಾದ್ರೂ ಕೂತು ಇನ್ನೆಲ್ಲಿಂದಲೋ ಬಂದ ಹಾಗೆ ತೋರಿಸ್ಬಹುದು. ಇವ್ರು ನಮ್ಮ ಕಡೆ ಪಡ್ಡೆಗಳೇ. ಹ್ಯಾಕರ್‌ಗಳೆಲ್ಲ ರಾಜರ ಹೆಸರೇ ಇಟ್ಕೊಳ್ಳೋದು. ಮನೇಲಿ ಅಮ್ಮನ ಕೈಲಿ ಪೊರಕೆ ಏಟು ತಿನ್ತಿರ್ತಾರೆ, ಇಲ್ಲಿ ಬಂದ್ರೆ ವಿರಬೂಮಿ ಮಹಾರಾಜ!"

ನಾನು ಜೋರಾಗಿ ನಕ್ಕೆ. ಅವನ ಮಾತು ಸರಿಯಾಗಿಯೇ ಇತ್ತಲ್ಲ.

"ಒಂದೇ ಉಪಾಯ," ಅಂದ ಯೂನುಸ್. "ನಮ್ಮ ದೇಶದ ಆಚೆಯಿಂದ ಯಾರು ಬಂದ್ರೂ ಪುಟ ತೆರೀಬಾರ್ದು, ಹಾಗೆ ಮಾಡ್ಬಿಡಿ. ಹೊರದೇಶದಲ್ಲಿದ್ದು ಇದನ್ನ ಬಳಸೋರು ಯಾರಾದ್ರೂ ಇದಾರಾ?"

ವೆನಿಂಗ್ ಕಂಪ್ಯೂಟರಿನ ಕಡೆ ತಿರುಗಿದಳು. "ನಮ್ಮ ಯಜಮಾನ್ರು ಇದಾರೆ."

"ಬಳಸ್ತಾರಾ?"

"ಇಲ್ಲ. ದಿನಾ ಬೆಳಗ್ಗೆ ಎದ್ದು ಮೊದ್ಲು ಅದನ್ನೇ ನೋಡ್ತೀನಿ. ಅವ್ರ ಹೆಸರು ಒಂದ್ಸಲಾನೂ ಬಂದಿಲ್ಲ. ಅವ್ರೊಬ್ರಿಗೆ ಮಾತ್ರ ತೆಗೆದಿಟ್ಟು ಬೇರೆಯವ್ರಿಗೆ ಮುಚ್ಚಕ್ಕಾಗಲ್ವಾ?"

"ಅವ್ರು ಎಲ್ಲಿಂದ ಬರ್ತಾರೆ ಅಂತ ಗೊತ್ತಿದ್ರೆ ಆಗತ್ತೆ."

ಮತ್ತೆ ಅದೇ ಪ್ರಶ್ನೆ. ಅವಳು ಆ ದಿನ ಮುಚ್ಚಲಿಲ್ಲ. ಮಾರನೆಯ ದಿನ ಕಳ್ಳ ಮತ್ತೆ ಬಂದ, ಅದರ ಮಾರನೆಯ ದಿನವೂ ಬಂದ. ಓಣಿಯ ಮುಖಂಡರು ಬಂದು, "ಎಲ್ಲರ ಫೋಟೋ ನಿನ್ನ ಮನೇಲಿದೆ ಕಣಮ್ಮಾ, ನೀನೇ ಜವಾಬ್ದಾರಿ," ಅಂದರು. ಆಗ ಮುಚ್ಚಿದಳು.

ಫೋನು ಸುಮ್ಮನಾಯಿತು. "ನಿಮ್ಮ ಮಹಾರಾಜರು ಬರಲೇ ಇಲ್ವಲ್ಲೇ," ಅಂತ ನಾನು ಛೇಡಿಸಿದರೆ, "ಸಿಂಹಾಸನ ಬಿಟ್ಟು ಓಡಿಹೋದ್ರು ಕಣಕ್ಕ," ಅಂತ ಅವಳೂ ನಗುತ್ತಿದ್ದಳು.

ಮಳೆಗಾಲದಲ್ಲಿ ರಾನಿಗೆ ಜ್ವರ ಬಂತು. ಸೊಳ್ಳೆ ಕಡಿದು ಬರುವ ಜ್ವರ. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಳಿಸಿದರು, ಮನೆಗೆ ಬಂದ ಮೇಲೆ ಮತ್ತೆ ಮೈ ಸುಡತೊಡಗಿತು. ನಾನು ಗಂಜಿ ತೆಗೆದುಕೊಂಡು ಹೋದಾಗ ಸಮಿಂತೆನ್ ಅಜ್ಜಿ ಮೊಮ್ಮಗಳ ಕಾಲ ಹತ್ತಿರ ಕೂತು ಸೊಸೆಯ ಮೇಲೆ ಹರಿಹಾಯುತ್ತಿದ್ದರು.

"ಹೆಸರು ಭಾರ ಆಗಿದೆ ಅಂತ ಎಷ್ಟು ಸಲ ಬಡ್ಕೊಂಡೆ? ಇಷ್ಟುದ್ದದ ಕೂಸಿಗೆ ಮಹಾರಾನಿ ಅಂತ ಇಟ್ರೆ ಹೊರತ್ತಾ ಅದು? ತೆಗೆದುಹಾಕಿ ಹಗುರದ್ದು ಯಾವ್ದಾದ್ರೂ ಇಡೋಣ."

ನಮ್ಮಲ್ಲಿ ಹಾಗೆ. ಮಗು ಪದೇಪದೇ ಕಾಯಿಲೆ ಬಿದ್ದರೆ ಹೆಸರಿನ ಭಾರ ಅಂತಾರೆ. ಕೆಂಪು ಗಂಜಿ, ಬಿಳಿ ಗಂಜಿ ಮಾಡಿ ನೆರೆಹೊರೆಯವರಿಗೆ ಹಂಚಿ ಹೊಸ ಹೆಸರಿಡುತ್ತಾರೆ. ತೆಗೆದುಹಾಕಿದ ಹೆಸರನ್ನು ಆಮೇಲೆ ಯಾರೂ ಉಸಿರೆತ್ತುವುದಿಲ್ಲ. ಎತ್ತಿದರೆ ಕಾಯಿಲೆಗೆ ದಾರಿ ತೋರಿಸಿದ ಹಾಗೆ.

"ಹೆಸರಿಂದ ಜ್ವರ ಬರತ್ತಾ ಅತ್ತೆ? ಸೊಳ್ಳೆಯಿಂದ ಬಂದಿದ್ದು," ಅಂದಳು ವೆನಿಂಗ್. ಒದ್ದೆ ಬಟ್ಟೆ ಹಿಂಡುತ್ತಿದ್ದಳು.

"ನಿನ್ನ ಗಂಡನಿಗೆ ಯಾವ ಸೊಳ್ಳೆ ಕಚ್ಚಿತ್ತು? ಹುಟ್ಟಿದಾಗ್ಲೇ ಅವ್ನು ವಲುಯೊ ಅನ್ಕೊಂಡ್ಯಾ? ವಲುಯೊ ಅಂದ್ರೆ ವಾಸಿಯಾದವನು, ಹಾಗಂತ ಯಾರಾದ್ರೂ ಹುಟ್ಟಿದ ಕೂಸಿಗೆ ಹೆಸರಿಡ್ತಾರೇನೆ? ಅವ್ರಪ್ಪ ಮೆರೆಯೋಕೆ ಅಂತ ಹಳೇ ಕಾಲದ ರಾಜನ ಹೆಸರು ಇಟ್ಟಿದ್ರು. ಕೂಸು ದಿನದಿನಕ್ಕೆ ಒಣಗ್ತಾ ಬಂತು. ಆ ಹೆಸರು ಕಿತ್ತಾಕಿದ್ಮೇಲೆ ಅನ್ನ ಮುಟ್ಟಿದ್ದು ಅವ್ನು."

ವೆನಿಂಗ್‌ಳ ಕೈ ನಿಂತಿತು. ಬಟ್ಟೆಯಿಂದ ನೀರು ನೆಲಕ್ಕೆ ಸುರಿಯುತ್ತಿತ್ತು.

"ಯಾವ ರಾಜನ ಹೆಸರು ಅತ್ತೆ?"

"ಹೇಳ್ಬಾರ್ದು."

"ವಿರಬೂಮಿ ಅಂತನಾ?"

ಅಜ್ಜಿಗೆ ಅಷ್ಟು ಶಕ್ತಿ ಎಲ್ಲಿತ್ತೋ. ಕೂತಲ್ಲಿಂದ ಎಗರಿ ಸೊಸೆಯ ಬಾಯಿಗೆ ಅಂಗೈಯಿಂದ ಫಟ್ ಅಂತ ಬಾರಿಸಿ ಅಲ್ಲೇ ಅದುಮಿ ಹಿಡಿದರು. ತುಟಿ ಒಡೆದು ರಕ್ತ ಬಂತು.

"ಹೇಳ್ಬೇಡ! ಹೇಳ್ಬೇಡ ಕಣೇ! ಯಾರು ನಿನಗೆ ಹೇಳಿದ್ದು? ಅವ್ರಪ್ಪ ಮಣ್ಣಾಗಿ ಹೋದ್ರು. ನಾನು ಬಾಯಿ ಬಿಟ್ಟಿಲ್ಲ. ಅವ್ನಿಗೊಬ್ಬನಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ."

ವೆನಿಂಗ್ ಆ ಕೈಯನ್ನು ಮೆಲ್ಲಗೆ ಸರಿಸಿದಳು. "ಅವ್ರೇ ಅತ್ತೆ. ಅವ್ರೇ ದಿನಾ ಬಂದು ಹೇಳ್ತಾ ಇದ್ರು."

ಅವಳು ಎದ್ದು ಕಂಪ್ಯೂಟರಿನ ಹತ್ತಿರ ಓಡಿದಳು. ಆತುರದಲ್ಲಿ ಒಂದಕ್ಕೆ ಒಂದು ಒತ್ತುತ್ತಿದ್ದಳು, ತಪ್ಪಾಯಿತೆಂದು ಅಳಿಸುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಹಾಕಿದ ತಡೆಯನ್ನೆಲ್ಲ ತೆಗೆದಳು. ಮೂರು ಸಲ ತಪ್ಪಿದರೆ ಮುಚ್ಚಿಕೊಳ್ಳುವ ಏರ್ಪಾಡನ್ನೂ ತೆಗೆದಳು. ಇತ್ತ ಅಜ್ಜಿ ನೆಲದ ಮೇಲೆ ಕುಸಿದು ಬೇರೆಯೇ ಅಳು ಅಳುತ್ತಿದ್ದರು. ಮಗ ಬದುಕಿದ್ದಾನೆ ಅನ್ನುವುದು ಅವರ ತಲೆಗೆ ಹೋಗಲೇ ಇಲ್ಲ. "ಅದನ್ನ ಯಾಕೆ ಮತ್ತೆ ಹೊತ್ಕೊಂಡ ಅವ್ನು? ಯಾಕೆ ಹೊತ್ಕೊಂಡ?" ಅಂತ ಅದೊಂದನ್ನೇ ಹೇಳುತ್ತಿದ್ದರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅಂತ ಗಾದೆ. ಇವಳದು ತಿರುವುಮುರುವು, ಬರುವವನು ಬಂದುಹೋದ ಮೇಲೆ ತೆರೆದಳು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಇಬ್ಬರೂ ಫೋನು ಮುಂದಿಟ್ಟುಕೊಂಡು ಕೂತೆವು. ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ರಾನಿಯ ಜ್ವರ ಇಳಿಯಿತು, ಶಾಲೆಗೆ ಹೋಗತೊಡಗಿದಳು. ಆ ಹೆಸರು ಬರಲಿಲ್ಲ.

ಅವಳು ಮತ್ತೆ ಕಚೇರಿಗೆ ಹೋದಳು, ನಾನೂ ಜೊತೆಗೆ ಹೋದೆ. ಗಂಡ ಬದುಕಿದ್ದಾರೆ, ಇಲ್ಲಿ ನೋಡಿ ಅಂತ ಫೋನು ತೋರಿಸಿದಳು. ಅಲ್ಲಿ ಕೂತಿದ್ದವನು ಮೇಲಿಂದ ಕೆಳಗೆ ಓದಿ, "ಹಾಲೆಂಡು, ಸಿಂಗಾಪುರ... ನಿಮ್ಮ ಯಜಮಾನ್ರು ಲೋಕಸಂಚಾರಕ್ಕೆ ಹೊರಟಿದಾರಾ?" ಅಂದ. ಅವನ ನೆತ್ತಿಯ ಮೇಲೆ ಕುದಿಯುವ ಗೊಜ್ಜು ಸುರಿಯಬೇಕಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬಾಗಿಲು ತೆರೆದಿಟ್ಟರೆ ನೆಂಟ ಮಾತ್ರ ಬರುತ್ತಾನೆಯೇ? ಲೋಕದ ಕಳ್ಳರೆಲ್ಲ ಬಂದರು. ಫೋನು ಟಿಂಗ್ ಟಿಂಗ್ ಅಂತ ಬಡಿದುಕೊಳ್ಳುತ್ತಲೇ ಇತ್ತು. ಅಡ್ಮಿನ್, ಟೆಸ್ಟ್, ಜಾನ್, ಮರಿಯಾ, ಹೆಸರಲ್ಲದ ಹೆಸರುಗಳು. ವೆನಿಂಗ್ ಒಂದು ಕಾಲು ಹೊಲಿಗೆ ಮೆಷಿನ್ನಿನ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟು ಪ್ರತಿಯೊಂದನ್ನೂ ಓದುತ್ತಿದ್ದಳು. ಅಂಚು ಸೊಟ್ಟಗಾಗುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಯೂನುಸ್ ಬಂದು, "ಅಕ್ಕ, ಇದು ಬೇಡ, ನಿಜವಾದ ಕಳ್ಳರು ನುಗ್ತಾರೆ," ಅಂತ ಕೈ ಮುಗಿದ. ಅವಳು ಕೇಳಲಿಲ್ಲ.

ನುಗ್ಗಿದರು. ನಮ್ಮ ಓಣಿಯ ಯಾರೋ ಪುಣ್ಯಾತ್ಮ ಹೊಸ ಪಾಸ್‌ವರ್ಡ್ ನೆನಪಿರುವುದಿಲ್ಲ ಅಂತ ತನ್ನ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದನಂತೆ. ಒಂದು ಬೆಳಗ್ಗೆ ನೋಡಿದರೆ ಒಳಗಿದ್ದದ್ದೆಲ್ಲ ಒರೆಸಿಹೋಗಿತ್ತು. ನನ್ನ ತಂಗಿಯ ಮಗನ ಮದುವೆ ಹೋಯಿತು. ಓಣಿಯ ಮುಖಂಡರ ತೀರಿಕೊಂಡ ಹೆಂಡತಿ ಕುರಾನು ಓದುತ್ತಿದ್ದ ಧ್ವನಿ ಹೋಯಿತು. ಆ ಮನುಷ್ಯ ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಎಲ್ಲರೂ ಸೇರಿ ಅವಳನ್ನು ಕರೆಸಿದೆವು. ನಾನೂ ಕೂಗಾಡಿದೆ. ಯಾಕೆ ಕೂಗಾಡಬಾರದು? ಆ ಮದುವೆಯಲ್ಲಿ ನನ್ನ ತಂಗಿ ಬದುಕಿದ್ದಳು.

"ಮುಚ್ಚಮ್ಮ ಅದನ್ನ ಇನ್ನಾದ್ರೂ," ಅಂದರು ಮುಖಂಡರು.

"ಮುಚ್ಚಲ್ಲ," ಅಂದಳು ವೆನಿಂಗ್. "ತಪ್ಪಾಯ್ತು, ಎಲ್ಲರ ಕಾಲಿಗೆ ಬೀಳ್ತೀನಿ. ಆದ್ರೆ ಮುಚ್ಚಲ್ಲ. ಒಳಗೆ ಕದಿಯೋಕೆ ಇನ್ನೇನೂ ಉಳಿದಿಲ್ಲ. ಬರೀ ಬಾಗಿಲಿದೆ. ಇರ್ಲಿ."

ಒಬ್ಬೊಬ್ಬರೇ ಅವಳ ಮನೆಯಿಂದ ಎಳೆದಿದ್ದ ತಂತಿ ಕಿತ್ತುಕೊಂಡು ಬೇರೆ ಕಡೆಯಿಂದ ಹಾಕಿಸಿಕೊಂಡರು. ಓಣಿಯ ಹೆಂಗಸರು ಹೊಲಿಯಲು ಕೊಡುವುದನ್ನೂ ಬಿಟ್ಟರು. ಅವಳು ಪೇಟೆಯ ಅಂಗಡಿಗೆ ಹೊಲಿದುಕೊಡತೊಡಗಿದಳು. ನಾನು ನಾಲ್ಕು ದಿನ ಮುಖ ತಿರುಗಿಸಿಕೊಂಡಿದ್ದೆ. ಆಮೇಲೆ ಗೋಡೆಯಾಚೆ ಮೆಷಿನ್ನು ನಿಂತು ನಿಂತು ಓಡುವುದನ್ನು ಕೇಳಲಾರದೆ ನಾನೇ ಗೊಜ್ಜು ತೆಗೆದುಕೊಂಡು ಹೋದೆ.

ರೋಕಿಮ್ ಬಂದದ್ದು ಒಂದು ಬೆಳಗ್ಗೆ, ತಿಂಡಿಯ ಗಲಾಟೆ ಮುಗಿದ ಮೇಲೆ. ಮೂವತ್ತು ದಾಟಿದ ಮನುಷ್ಯ, ತೆಗಾಲ್ ಕಡೆಯ ಮಾತು, ಮುಂದಿನ ಹಲ್ಲು ಇರಲಿಲ್ಲ. ವಲುಯೊನ ಮನೆ ಯಾವುದು ಅಂತ ಕೇಳಿದ. ನನ್ನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು.

"ನೀನ್ಯಾರಪ್ಪ?"

"ಅಲ್ಲಿ ಅವ್ರ ಪಕ್ಕದ ಕುರ್ಚಿ ನಂದು ಅಕ್ಕ. ಪೊಲೀಸರ ದಾಳಿ ಆಯ್ತು, ಕೆಲವ್ರು ಹೊರಗೆ ಬಂದ್ವಿ."

"ಅವ್ನು?"

ರೋಕಿಮ್ ತಲೆ ಅಲ್ಲಾಡಿಸಿದ. "ದಾಳಿಗೆ ಮುಂಚೇನೇ... ಹೊಡೆದ್ರು ಅಕ್ಕ. ತುಂಬಾ ಹೊಡೆದ್ರು."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಯಾ ಅಲ್ಲಾ. ಗೋಡೆಯಾಚೆ ಮೆಷಿನ್ನು ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು, ಆ ಹೆಸರಿನ ವಿಷಯ ಗೊತ್ತಾ ಅಂತ ಕೇಳಿದೆ. ಗೊತ್ತು ಅಂದ. ಅಲ್ಲಿ ಬರೆದದ್ದನ್ನೆಲ್ಲ ಮೇಸ್ತ್ರಿಗಳು ಓದುತ್ತಾರಂತೆ. ತಮ್ಮ ಹೆಸರು, ಊರ ಹೆಸರು ಹಾಕಿದರೆ ಸಿಕ್ಕಿಬಿದ್ದ ಹಾಗೆಯೇ. ವಲುಯೊ ಸರ್ವರಿನ ಒಳಗೆ ಹೋಗುತ್ತಿರಲಿಲ್ಲವಂತೆ. ‘ನಾನು ಒಳಗೆ ಹೋದ್ರೆ ಇವ್ರೂ ನನ್ನ ಹಿಂದೇನೇ ನಮ್ಮನೆಯೊಳಗೆ ಹೋಗ್ತಾರೆ, ಬಾಗಿಲು ತಟ್ಟಿ ಬರ್ತೀನಿ ಅಷ್ಟೇ. ಹೆಂಡ್ತಿ ಫೋನಿಗೆ ಹೆಸರು ಹೋಗತ್ತೆ, ಅಮ್ಮ ಅದನ್ನ ನೋಡಿ ಕಿರುಚ್ಕೋತಾರೆ,’ ಅನ್ನುತ್ತಿದ್ದನಂತೆ.

ಅಮ್ಮನಿಗೆ ಫೋನು ತೋರಿಸಿದ್ದರೆ ತಾನೇ ಕಿರುಚಿಕೊಳ್ಳುವುದು.

"ನೋಡಪ್ಪ," ಅಂದೆ. "ಆ ಮನೇಲಿ ಜ್ವರ ಬಂದು ಹೋದ ಅಂತ ಹೇಳು. ಹೊಡೆದದ್ದು ಹೇಳ್ಬೇಡ. ಆ ಪುಟ ತೆರೀಲಿಲ್ಲ ಅನ್ನೋ ಮಾತಂತೂ ಎತ್ತಲೇಬೇಡ."

"ಆದ್ರೆ ಅಕ್ಕ, ಪುಟ ತೆರೀದೆ ಹೋದಾಗ ಅವ್ರು..."

"ಮುಚ್ಚು ಬಾಯಿ! ಎತ್ತಬೇಡ ಅಂದ್ರೆ ಎತ್ತಬೇಡ."

ಅವನು ಹೂಂ ಅಂದ. ನಾನೇ ಕರೆದುಕೊಂಡು ಹೋದೆ.

ಜ್ವರದ ಮಾತು ಅವನು ಸರಿಯಾಗಿಯೇ ಹೇಳಿದ. ಅಜ್ಜಿ ಎದೆ ಬಡಿದುಕೊಂಡು, "ಆ ಹೆಸರೇ! ಆ ಹೆಸರೇ ತಿಂತು ನನ್ನ ಮಗನ್ನ!" ಅಂತ ಕೂಗಿ ಅತ್ತರು. ಬೈಯಲು ಅವರಿಗೊಂದು ಹೆಸರಾದರೂ ಇತ್ತು. ವೆನಿಂಗ್ ಅಳಲಿಲ್ಲ. ರೋಕಿಮ್‌ನಿಗೆ ನೀರು ತಂದು ಕೊಟ್ಟು ಎದುರಿಗೆ ಕೂತಳು.

"ಅವ್ರು ಒಂದು ಪುಟ ತೆಗೆದು ಒಂದು ಹೆಸರು ಹಾಕ್ತಿದ್ರಲ್ಲ, ನೋಡಿದೀರಾ ನೀವು?"

ಅವನು ನನ್ನ ಕಡೆ ನೋಡಿದ. ನಾನು ಬೇಡ ಅನ್ನುವ ಹಾಗೆ ಕಣ್ಣು ಬಿಟ್ಟೆ.

"ಪಾರ್ತಿನಾಕ್ಕನ ಮುಖ ನೋಡ್ಬೇಡಿ," ಅಂದಳು. "ನನ್ನ ಮುಖ ನೋಡಿ. ಪುಟ ತೆರೀದೆ ಹೋದ ದಿನ ಏನಂದ್ರು?"

"ಖುಷಿಪಟ್ರು ಅಕ್ಕ."

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಅಂದುಕೊಂಡೆ.

"ನಿಜವಾಗ್ಲೂ ಅಕ್ಕ. ನಗ್ತಾ ಬಂದ್ರು. ‘ಮೊದ್ಲು ಒಂದು ದಿನಕ್ಕೆ ಮುಚ್ತಿತ್ತು ಕಣೋ, ಈಗ ಪೂರ್ತಿ ಮುಚ್ಚಿದೆ. ಅದು ತಾನಾಗಿ ಆಗಲ್ಲ, ನನ್ನ ಹೆಂಡ್ತೀನೇ ಮುಚ್ಚಿರೋದು. ಅವ್ಳಿಗೆ ಗೊತ್ತಾಯ್ತು. ನಾನು ಸಿಕ್ಕಿಬೀಳ್ಬಾರ್ದು ಅಂತ ಮುಚ್ಚಿದಾಳೆ. ಇನ್ನು ಯಾರಾದ್ರೂ ಬಂದೇ ಬರ್ತಾರೆ’ ಅಂದ್ರು. ನಮಗೆಲ್ಲ ಧೈರ್ಯ ಹೇಳಿದ್ರು." ಅವನ ಮುಖದಲ್ಲಿ, ಒಂದು ಒಳ್ಳೆಯ ಸುದ್ದಿಯನ್ನಾದರೂ ತಲುಪಿಸಿದೆನಲ್ಲ ಅನ್ನುವ ಸಮಾಧಾನ ಇತ್ತು.

"ಆಮೇಲೆ?"

"ಆಮೇಲೆ ಕೆಲಸ ಮಾಡೋದು ಬಿಟ್ರು. ಇನ್ನು ಯಾರಿಗೂ ಮೋಸ ಮಾಡಲ್ಲ, ನಮ್ಮವ್ರು ಬರ್ತಾ ಇದಾರೆ ಅಂತ ಮೇಸ್ತ್ರಿ ಎದುರಿಗೇ..." ಅಂದವನು ತಡೆದು ನಿಂತ.

"ಜ್ವರ ಅಲ್ಲ," ಅಂದಳು ವೆನಿಂಗ್.

ಅವನು ನೀರಿನ ಲೋಟ ನೋಡುತ್ತಿದ್ದ.

"ಏಟು ಬಿದ್ಮೇಲೂ ಕಾಯ್ತಾ ಇದ್ರಾ?"

"ಕೊನೇವರೆಗೂ ಅಕ್ಕ. ‘ನನ್ನ ಹೆಂಡ್ತಿ ಸುಮ್ನೆ ಕೂರೋಳಲ್ಲ’ ಅಂತಿದ್ರು."

ವೆನಿಂಗ್ ಅವನ ಮುಖವನ್ನೇ ನೋಡುತ್ತಿದ್ದಳು. ಆದರೆ ಕಣ್ಣು ಅವನನ್ನು ನೋಡುತ್ತಿರಲಿಲ್ಲ, ಅದು ನನಗೆ ಗೊತ್ತಾಯಿತು.

"ನಂಗೆ ಗೊತ್ತಾಗ್ಲಿಲ್ಲ ರೀ," ಅಂದಳು. "ರಾನಿ ಆಣೆಗೂ ಗೊತ್ತಾಗ್ಲಿಲ್ಲ. ಯಾರೋ ಕಳ್ಳ ಅನ್ಕೊಂಡ್ಬಿಟ್ಟೆ."

ಪಾಪದ ಮನುಷ್ಯ, ತನಗೇ ಹೇಳುತ್ತಿದ್ದಾಳೆ ಅಂದುಕೊಂಡು, "ಇರ್ಲಿ ಬಿಡಿ ಅಕ್ಕ," ಅಂದ.